ಅಟ್ಟದ ಮೇಲೆ ದಡಬಡ: ಹೆಂಚಿನ ಮನೆಗೆ ಕಬ್ಬೆಕ್ಕು, ಇಲಿ, ಬಾವಲಿ ನುಗ್ಗದ ಹಾಗೆ ಮಾಡುವುದು ಹೇಗೆ

ರಾತ್ರಿ ಹನ್ನೊಂದೂವರೆ. ಕರೆಂಟಿಲ್ಲ, ಹೊರಗೆ ಜಿಟಿಜಿಟಿ ಮಳೆ, ಇನ್ನೇನು ಕಣ್ಣು ಹತ್ತಬೇಕು ಅನ್ನುವಾಗ ತಲೆ ಮೇಲಿನ ಮುಚ್ಚಿಗೆಯಲ್ಲಿ ಯಾರೋ ಓಡಿದ ಸದ್ದು. ಮಲೆನಾಡಿನ ಹೆಂಚಿನ ಮನೆಯಲ್ಲಿ ಮಲಗಿದವರಿಗೆ ಇದೇನು ಹೊಸದಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯಲ್ಲಿ ಅಜ್ಜಿ "ಕಬ್ಬೆಕ್ಕು ಅದು, ಸುಮ್ನೆ ಮಲಗಿ" ಅಂತ ಹೇಳಿ ಮಗ್ಗುಲು ಬದಲಿಸುತ್ತಿದ್ದರು. ಕಬ್ಬೆಕ್ಕು ಅಂದರೆ ಪುನುಗು ಬೆಕ್ಕಿನ ಜಾತಿಯ, ರಾತ್ರಿ ಓಡಾಡುವ ಕಾಡುಪ್ರಾಣಿ. ಆಗ ಅಟ್ಟದಲ್ಲಿ ಇದ್ದದ್ದು ಹಳೇ ಬುಟ್ಟಿ, ಮುರಿದ ತೊಟ್ಟಿಲು. ಈಗ ಅಲ್ಲಿ ಸುಲಿದ ಅಡಿಕೆ ಚೀಲ ಇದೆ, ಕಾಳುಮೆಣಸು ಇದೆ, ಮನೆಯ ಅರ್ಧ ವೈರಿಂಗ್ ಅಲ್ಲೇ ಹಾದು ಹೋಗಿದೆ. ಸುಮ್ನೆ ಮಲಗಿದರೆ ಆಗಲ್ಲ.

ನಾನು ಮೂರು ವರ್ಷ ತಪ್ಪುಗಳನ್ನೇ ಮಾಡಿದೆ. ನುಸಿ ಗುಳಿಗೆ ಇಟ್ಟೆ, ರಾತ್ರಿಯಿಡೀ ರೇಡಿಯೋ ಹಾಕಿದೆ, ಮೆಣಸಿನ ಹೊಗೆ ಹಾಕಿ ಮನೆಯವರನ್ನೆಲ್ಲ ಕೆಮ್ಮಿಸಿದೆ, ಆನ್‌ಲೈನಲ್ಲಿ ಸಿಗುವ ಕೇಳಿಸದ ಸದ್ದಿನ ಯಂತ್ರವನ್ನೂ ತರಿಸಿದೆ. ಇಲಿಗಳು ಎರಡೇ ವಾರದಲ್ಲಿ ಆ ಯಂತ್ರದ ಮೇಲೇ ಹಿಕ್ಕೆ ಹಾಕಿದ್ದವು. ಕೊನೆಗೆ ಗೊತ್ತಾಗಿದ್ದು ಇಷ್ಟು: ಪ್ರಾಣಿಯನ್ನು ಓಡಿಸುತ್ತಾ ಕೂತರೆ ಮುಗಿಯುವುದೇ ಇಲ್ಲ, ಅದು ಬರುವ ದಾರಿ ಮುಚ್ಚಬೇಕು, ಮುಚ್ಚುವ ಮೊದಲು ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದನ್ನು ಹೇಗೆ ಮಾಡೋದು ಅಂತ ಒಂದೊಂದಾಗಿ ಹೇಳುತ್ತೇನೆ.

1. ಮೊದಲು ಬಾಡಿಗೆದಾರ ಯಾರು ಅಂತ ತಿಳಿಯಿರಿ

ಏಣಿ ಹತ್ತುವ ಮೊದಲು ಎರಡು ಮೂರು ದಿನ ಸುಮ್ನೆ ಕಿವಿಗೊಟ್ಟು ಕೇಳಿ. ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಹಗಲು ಹೊತ್ತಿನಲ್ಲಿ ಚುರುಚುರು ಓಡಾಟ ಇದ್ದರೆ ಅದು ಅಳಿಲು. ದೀಪ ಹಚ್ಚುವ ಹೊತ್ತಿಗೆ ಸೂರಿನ ಹತ್ತಿರ ಚಿಂವ್ ಚಿಂವ್ ಅಂದು ಆಮೇಲೆ ಎಲ್ಲ ನಿಶ್ಶಬ್ದವಾದರೆ ಬಾವಲಿ. ರಾತ್ರಿ ಕೆರೆಯುವ, ಕಡಿಯುವ, ಸಣ್ಣ ಕಾಲಿನ ಓಟದ ಸದ್ದು ಇಲಿಯದ್ದು. ಧಪ್ ಅಂತ ಭಾರದ ಏನೋ ಹಾರಿದ ಹಾಗೆ ಕೇಳಿ, ಆಮೇಲೆ ಮನುಷ್ಯರು ನಡೆದ ಹಾಗೆ ಹೆಜ್ಜೆ ಕೇಳಿಸಿದರೆ ಭೂತವಲ್ಲ, ಕಬ್ಬೆಕ್ಕು. ಮಧ್ಯಾಹ್ನ ಹೆಂಚೇ ಒಡೆದು ಬಿದ್ದರೆ ಮಂಗ, ಅದಕ್ಕೆ ತನಿಖೆಯೇ ಬೇಡ.

ಆಮೇಲೆ ಹಿಕ್ಕೆ ನೋಡಿ. ಅಕ್ಕಿ ಕಾಳಿನ ಹಾಗಿದ್ದರೆ ಸುಂಡಿಲಿ, ಅದಕ್ಕಿಂತ ದಪ್ಪವಾಗಿ ಎರಡು ಕಡೆ ಮೊನಚಾಗಿದ್ದರೆ ದೊಡ್ಡ ಇಲಿ. ಬಾವಲಿಯದ್ದು ಇಲಿಯ ಹಿಕ್ಕೆಯಂತೆಯೇ ಕಾಣುತ್ತದೆ, ಆದರೆ ಕಡ್ಡಿಯಲ್ಲಿ ಒತ್ತಿದರೆ ಪುಡಿಪುಡಿಯಾಗುತ್ತದೆ, ಒಳಗೆ ಹುಳದ ರೆಕ್ಕೆ ಚೂರು ಮಿನುಗುತ್ತದೆ. ಕಬ್ಬೆಕ್ಕಿನದ್ದನ್ನು ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಬೈನೆ ಹಣ್ಣಿನ ಬೀಜ, ಕಾಫಿ ಬೀಜ, ಪಪ್ಪಾಯಿ ಬೀಜ ಇಡಿಯಾಗಿ ಇರುತ್ತವೆ, ಅದೂ ದಿನಾ ಒಂದೇ ಜಾಗದಲ್ಲಿ. ಮುಚ್ಚಿಗೆಯಲ್ಲಿ ಕಲೆ ಕಾಣಿಸಿಕೊಳ್ಳುವುದು ಅಲ್ಲೇ. ಒಂದು ಪರಿಮಳವೂ ಇರುತ್ತದೆ, ಕೆಲವರಿಗೆ ಅದು ಗಂಧಸಾಲೆ ಅನ್ನ ಬೆಂದ ಹಾಗೆ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಅದೇ ವಾಸನೆಗೆ ಎರಡು ದಿನ ಅಡುಗೆಮನೆ ಹುಡುಕಿದ್ದೆವು.

ಇನ್ನೂ ಅನುಮಾನ ಇದ್ದರೆ ಅಟ್ಟದ ಹಲಗೆ ಮೇಲೆ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆ ಗುರುತು ಕಾಣುತ್ತದೆ, ಯಾವ ಕಡೆಯಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ. ಖರ್ಚಿಲ್ಲದ ಸಿಸಿ ಕ್ಯಾಮೆರಾ.

2. ದಾರಿ ಹುಡುಕಿ

ಮಂಗಳೂರು ಹೆಂಚಿನ ಮಾಡು (ಚಾವಣಿ) ಹೇಗೆ ನಿಂತಿದೆ ಅಂತ ಒಮ್ಮೆ ಯೋಚಿಸಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ವಿಧಾನ ಬದಲಾಗಿಲ್ಲ. ಗೋಡೆ ಮೇಲೆ ಪಕಾಸು (ಇಳಿಜಾರಾಗಿ ಕೂರುವ ಮರದ ತೊಲೆ), ಪಕಾಸಿನ ಮೇಲೆ ರೀಪು (ಅಡ್ಡ ಹೊಡೆದ ಮರದ ಪಟ್ಟಿ), ರೀಪಿಗೆ ಹೆಂಚು ಸಿಕ್ಕಿಸಿದ್ದು ಅಷ್ಟೆ. ಮೊಳೆಯಿಲ್ಲ, ಗಾರೆಯಿಲ್ಲ, ತನ್ನ ಭಾರಕ್ಕೆ ತಾನು ಕೂತಿರುತ್ತದೆ. ಹೆಂಚು ಬದಲಿಸುವುದು ನಮಗೆಷ್ಟು ಸುಲಭವೋ ಕಬ್ಬೆಕ್ಕಿಗೆ ತಲೆಯಲ್ಲಿ ದೂಡಿ ಎತ್ತುವುದೂ ಅಷ್ಟೇ ಸುಲಭ.

ಬಿಸಿಲಿರುವ ಮಧ್ಯಾಹ್ನ ಅಟ್ಟ ಹತ್ತಿ, ದೀಪ ಆರಿಸಿ, ಐದು ನಿಮಿಷ ಕತ್ತಲಲ್ಲಿ ಕೂತುಕೊಳ್ಳಿ. ಬೆಳಕು ಎಲ್ಲೆಲ್ಲಿ ಒಳಗೆ ಬರುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಜಾಸ್ತಿ ಸಂದಿ ಇರುವುದು ಗೋಡೆಯ ತಲೆ ಮತ್ತು ಹೆಂಚಿನ ನಡುವೆ, ಎರಡು ಪಕಾಸುಗಳ ಮಧ್ಯೆ. ಬಹುತೇಕ ಮನೆಗಳಲ್ಲಿ ಇಡೀ ಸೂರಿನ ಉದ್ದಕ್ಕೂ ಇದು ತೆರೆದೇ ಇರುತ್ತದೆ. ಆಮೇಲೆ ನೆತ್ತಿಯ ಹೆಂಚು ಸಡಿಲವಾದ ಕಡೆ, ಎರಡು ಮಾಡು ಕೂಡುವ ಮೂಲೆ, ಗಾಜಿನ ಹೆಂಚಿನ ಅಂಚು, ಹೊಗೆಗೂಡು, ಮತ್ತು ಹೊಸದಾಗಿ ಪೈಪೋ ಕೇಬಲ್ಲೋ ಎಳೆಯಲು ಯಾರೋ ಕೊರೆದು ಹಾಗೇ ಬಿಟ್ಟುಹೋದ ತೂತು. ನಮ್ಮ ಮನೆಯ ದೊಡ್ಡ ತೂತು ಡಿಶ್ ಟಿವಿ ಹಾಕಿದವರ ಕೃಪೆ.

ಎಷ್ಟು ಸಣ್ಣ ತೂತು ಅಪಾಯ? ಸುಂಡಿಲಿಗೆ 6 ಮಿಲಿಮೀಟರಿಗಿಂತ ಚೂರು ದೊಡ್ಡದಿದ್ದರೆ ಸಾಕು, ಅಂದರೆ ಪೆನ್ಸಿಲ್ ತೂರುವ ತೂತಲ್ಲಿ ಅದು ತೂರುತ್ತದೆ. ಇಲಿ ಮರಿಗೆ 12 ಮಿಲಿಮೀಟರ್, ಸಣ್ಣ ಬಾವಲಿಗೂ ಹೆಚ್ಚುಕಡಿಮೆ ಅಷ್ಟೆ. ಕಬ್ಬೆಕ್ಕು ಎರಡರಿಂದ ಐದು ಕೆಜಿ ತೂಗುತ್ತದೆ, ಆದರೂ ಮುಷ್ಟಿ ಹಿಡಿಸುವ ತೂತಿದ್ದರೆ ಅದು ದಾರಿ ಅಂತಲೇ ಲೆಕ್ಕ ಹಾಕಿ. ಓಡಾಡುವ ತೂತಿನ ಅಂಚು ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿರುಗುತ್ತಿರುತ್ತದೆ, ಜೇಡರ ಬಲೆ ಇರುವುದಿಲ್ಲ. ಬಲೆ ಇರುವ ತೂತಲ್ಲಿ ಸದ್ಯಕ್ಕೆ ಯಾರೂ ಓಡಾಡುತ್ತಿಲ್ಲ.

3. ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ದಯವಿಟ್ಟು ಈ ಭಾಗವನ್ನು ಹಾರಿಸಿಕೊಂಡು ಹೋಗಬೇಡಿ. ನಾನು ಹಾರಿಸಿದ್ದೆ.

ಒಂದು ಸಂಜೆ ಕಬ್ಬೆಕ್ಕು ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿ, ಪೇಟೆಯಿಂದ ಕರೆಸಿದ ಕೆಲಸದವರ ಹತ್ತಿರ ತಕ್ಷಣ ತೂತು ಮುಚ್ಚಿಸಿದೆ. ಬಹಳ ಬುದ್ಧಿವಂತ ಅಂದುಕೊಂಡೆ. ರಾತ್ರಿ ಎರಡು ಗಂಟೆಗೆ ಹೆಂಚು ಕಿತ್ತೆಸೆಯುವ ಸದ್ದು. ಒಳಗೆ ಮೂರು ಮರಿ ಇದ್ದವು, ಕಣ್ಣು ಬಿಟ್ಟಿರಲಿಲ್ಲ. ತಾಯಿ ಆರು ಹೆಂಚು ಎತ್ತಿ ಹಾಕಿ, ಎರಡು ಒಡೆದು ಒಳಗೆ ಇಳಿದಿತ್ತು. ಬೆಳಿಗ್ಗೆ ಮಳೆ ನೀರು ಅಡಿಕೆ ಚೀಲದ ಮೇಲೆ. ತಾಯಿಗೆ ಹೆಂಚು ಎತ್ತಲು ಆಗದೆ ಹೋಗಿದ್ದರೆ ಮರಿಗಳು ಅಲ್ಲೇ ಸತ್ತು ಆ ವಾಸನೆ ತಿಂಗಳಾದರೂ ಹೋಗುತ್ತಿರಲಿಲ್ಲ, ಅದು ಹೋಗಲಿ, ಪಾಪ ಅಲ್ವಾ.

ಹಾಗಾಗಿ ಹೀಗೆ ಮಾಡಿ. ಹಗಲು ಹೊತ್ತಲ್ಲಿ ಅನುಮಾನದ ತೂತಿಗೆಲ್ಲ ಹಳೇ ಪೇಪರನ್ನು ಉಂಡೆ ಮಾಡಿ ಸಡಿಲವಾಗಿ ತುರುಕಿ. ಎರಡು ಮೂರು ದಿನ ಬಿಟ್ಟು ನೋಡಿ. ಉಂಡೆ ಅಲ್ಲಾಡದಿದ್ದರೆ ಆ ದಾರಿ ಬಳಕೆಯಲ್ಲಿಲ್ಲ, ಮುಚ್ಚಬಹುದು. ಬಿದ್ದಿದ್ದರೆ ಅದೇ ಹೆದ್ದಾರಿ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಟ್ಟದ ಮೂಲೆಮೂಲೆಯಲ್ಲಿ ಟಾರ್ಚ್ ಹಾಕಿ ಮರಿ ಇದೆಯಾ ನೋಡಿ. ಹಗಲಲ್ಲೂ ಕಿಚಿಕಿಚಿ ಸಣ್ಣ ದನಿ ಕೇಳಿಸುತ್ತಿದ್ದರೆ ಕೆಲಸ ನಿಲ್ಲಿಸಿ.

ಮರಿ ಇದ್ದರೆ ಒಂದೇ ದಾರಿ, ಕಾಯುವುದು. ಕಾಯಲು ಆಗುವುದೇ ಇಲ್ಲ ಅನ್ನುವವರು ಒಂದು ಕೆಲಸ ಮಾಡಬಹುದು: ಅಟ್ಟದಲ್ಲಿ ರಾತ್ರಿಯಿಡೀ ಒಂದು ಬಲ್ಬ್ ಉರಿಸಿ. ಕಬ್ಬೆಕ್ಕಿಗೆ ಕತ್ತಲೆ ಬೇಕು, ಬೆಳಕು ಮತ್ತು ಮನುಷ್ಯರ ಓಡಾಟ ನಾಲ್ಕೈದು ದಿನ ತಡೆದುಕೊಂಡು ಆಮೇಲೆ ತಾಯಿಯೇ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುವುದುಂಟು. ನಮ್ಮಲ್ಲಿ ಆರನೇ ರಾತ್ರಿ ಹೋಯಿತು. ದೂರವೇನಲ್ಲ, ಕೊಟ್ಟಿಗೆಯ ಅಟ್ಟಕ್ಕೆ. ಅಲ್ಲಿ ಹಾಳು ಮಾಡಲು ಏನೂ ಇಲ್ಲ, ಇಲಿಯೂ ಕಮ್ಮಿಯಾಗಿದೆ, ಇರಲಿ ಅಂತ ಬಿಟ್ಟಿದ್ದೇವೆ.

ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬರುತ್ತೇನೆ ಅನ್ನುವ ಯೋಚನೆ ಬೇಡ. ಕಬ್ಬೆಕ್ಕು, ಮಂಗ, ಹಾವು, ಗೂಬೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಳಗೆ ಬರುತ್ತವೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿಯುವುದು, ಸಾಗಿಸುವುದು ಅಪರಾಧ. ಕಾನೂನು ಪಕ್ಕಕ್ಕಿಟ್ಟರೂ ಲಾಭವಿಲ್ಲ. ದಾರಿ ತೆರೆದೇ ಇದ್ದರೆ ಒಂದು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ.

4. ಮುಚ್ಚಿ, ಕಬ್ಬಿಣದಲ್ಲಿ ಮುಚ್ಚಿ

ಥರ್ಮಾಕೋಲ್, ಸ್ಪ್ರೇ ಫೋಮ್, ಬಟ್ಟೆ, ಪ್ಲಾಸ್ಟಿಕ್ ಬಲೆ ಇವೆಲ್ಲ ಇಲಿಗೆ ತಿಂಡಿ. ಆರು ಮೂಲೆಯ ಕೋಳಿ ಬಲೆಯೂ ಸಾಲದು, ತಂತಿ ತೆಳು, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕೈಯಲ್ಲಿ ಪುಡಿಯಾಗುತ್ತದೆ. ಬೇಕಾದ್ದು ಚೌಕ ಕಣ್ಣಿನ ವೆಲ್ಡ್ ಮೆಶ್. ದೊಡ್ಡ ಇಲಿ, ಕಬ್ಬೆಕ್ಕು, ಅಳಿಲಿಗೆ 12 ಮಿಲಿಮೀಟರ್ ಕಣ್ಣಿನದ್ದು ನಡೆಯುತ್ತದೆ. ಸುಂಡಿಲಿ, ಇಲಿ ಮರಿ ಮತ್ತು ಬಾವಲಿಯೂ ಬರಬಾರದು ಅಂದರೆ 6 ಮಿಲಿಮೀಟರ್. ಕರಾವಳಿಯ ಉಪ್ಪು ಗಾಳಿಯಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣ) ಬೇಗ ತುಕ್ಕು ಹಿಡಿಯುತ್ತದೆ, ಉಡುಪಿ, ಕುಂದಾಪುರ ಕಡೆಯವರು ಸ್ವಲ್ಪ ಜಾಸ್ತಿ ದುಡ್ಡು ಹೋದರೂ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿಸಿ.

ಮೆಶ್ಶನ್ನು ತೂತಿಗಿಂತ ಎಲ್ಲ ಕಡೆ 5 ಸೆಂಟಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿ, ಮರದ ಕಡೆ ಸ್ಕ್ರೂ ಮತ್ತು ವಾಷರ್ ಹಾಕಿ ಬಿಗಿ ಮಾಡಿ. ಬರೀ ಮೊಳೆ ಹೊಡೆದರೆ ಕಬ್ಬೆಕ್ಕು ಒಂದು ಮೂಲೆ ಹಿಡಿದು ಎಬ್ಬಿಸುತ್ತದೆ. ಪಕಾಸುಗಳ ಮಧ್ಯದ ಸಂದಿಗೆ ಪ್ರತಿಯೊಂದಕ್ಕೂ ಅಳತೆ ತೆಗೆದು ಬೇರೆ ಬೇರೆ ತುಂಡು ಮಾಡಬೇಕು. ಬೇಸರದ ಕೆಲಸ, ನಮ್ಮ ಮನೆಗೆ ನಾಲ್ಕು ದಿನ ಹಿಡಿಯಿತು, ಮೂರನೇ ದಿನ ನಾನು ಇಡೀ ಮನೆ ಕೆಡವಿ ಆರ್‌ಸಿಸಿ ಹಾಕಿಸುವ ಮಾತಾಡುತ್ತಿದ್ದೆ.

ಸೂರಿನ ಸಂದಿಗೆ ಸಿಮೆಂಟ್ ಮೆತ್ತಿ ಒಂದೇ ಸಲಕ್ಕೆ ಮುಗಿಸೋಣ ಅಂತ ಮೇಸ್ತ್ರಿ ಹೇಳಬಹುದು. ಒಪ್ಪಬೇಡಿ. ಆ ಸಂದಿಯಿಂದಲೇ ಅಟ್ಟಕ್ಕೆ ಗಾಳಿ ಬರುವುದು. ಅದನ್ನು ಕಟ್ಟಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಒಳಗೇ ನಿಂತು ಪಕಾಸಿಗೆ ಬೂಸ್ಟು ಹಿಡಿಯುತ್ತದೆ, ಮರ ಕುಂಬಾಗುತ್ತದೆ. ಗಾಳಿ ಆಡುವ ಕಡೆ ಮೆಶ್. ಗೋಡೆಯಲ್ಲಿ ಪೈಪ್ ತೂತು, ಬಿರುಕು ಇದ್ದಲ್ಲಿ ಮಾತ್ರ ಸಿಮೆಂಟ್, ಅದೂ ಮೊದಲು ಪಾತ್ರೆ ತಿಕ್ಕುವ ಸ್ಟೀಲ್ ಜುಂಗನ್ನು ಒಳಗೆ ತುರುಕಿ ಅದರ ಮೇಲೆ ಮೆತ್ತಿದರೆ ಇಲಿ ಕೊರೆಯಲಾರದು.

ಹೆಂಚಿಗೆ ಬಂದರೆ, ಸೂರಿನ ಮೊದಲ ಎರಡು ಸಾಲು ಮತ್ತು ನೆತ್ತಿಯ ಸಾಲು ಗಟ್ಟಿ ಮಾಡಿದರೆ ಸಾಕಷ್ಟು ಕೆಲಸ ಆದ ಹಾಗೆ. ಹಲವು ಹೆಂಚುಗಳ ಅಡಿಯ ಗುಬಟಿನಲ್ಲಿ ತಂತಿ ಕಟ್ಟಲೆಂದೇ ತೂತು ಇರುತ್ತದೆ, ಬೈಂಡಿಂಗ್ ವೈರ್ ಹಾಕಿ ರೀಪಿಗೆ ಬಿಗಿಯಿರಿ. ನೆತ್ತಿಗೆ ಗಾರೆ. ಇದಕ್ಕೆ ಸರಿಯಾದ ಕಾಲ ಏಪ್ರಿಲ್, ಮೇ. ಹೇಗೂ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತೀರಲ್ಲ, ಆವಾಗಲೇ ಇದನ್ನೂ ಸೇರಿಸಿಕೊಂಡರೆ ಆಳಿನ ಸಂಬಳ ಉಳಿಯುತ್ತದೆ. ಪಾಚಿ ಕಟ್ಟಿದ ಹೆಂಚಿನ ಮೇಲೆ ಮಳೆಯಲ್ಲಿ ಹತ್ತಲೇಬೇಡಿ, ಹೆಂಚಿನ ಮಧ್ಯಕ್ಕೆ ಕಾಲಿಡದೆ ರೀಪು ಇರುವ ಗೆರೆಯ ಮೇಲೆ ಕಾಲಿಡಿ, ಒಬ್ಬರೇ ಹತ್ತಬೇಡಿ.

ಆ ಹೆದ್ದಾರಿಯ ತೂತು ಉಳಿದಿದೆಯಲ್ಲ, ಅದಕ್ಕೆ ಒಂದೇ ಕಡೆ ತೆರೆಯುವ ಬಾಗಿಲು ಮಾಡಿ. ತೂತಿಗಿಂತ ದೊಡ್ಡದಾದ ಗಟ್ಟಿ ಮೆಶ್ ತುಂಡನ್ನು ಹೊರಗಡೆಯಿಂದ ಮೇಲಿನ ಅಂಚಿಗೆ ಮಾತ್ರ ಕೀಲು ಹಾಕಿ ತೂಗುಬಿಡಿ. ಒಳಗಿದ್ದದ್ದು ದೂಡಿಕೊಂಡು ಹೊರಗೆ ಬರುತ್ತದೆ, ಹೊರಗಿನಿಂದ ಎಳೆದು ಒಳಗೆ ಹೋಗುವುದು ಅದಕ್ಕೆ ಕಷ್ಟ. ಒಂದು ವಾರ ಹಾಗೇ ಬಿಟ್ಟು, ಬೂದಿಯ ಮೇಲೆ ಹೊಸ ಹೆಜ್ಜೆ ಕಾಣದಿದ್ದರೆ ಖಾಯಂ ಮುಚ್ಚಿ. ಮರಿ ಇರುವಾಗ ಈ ಬಾಗಿಲನ್ನೂ ಹಾಕಬಾರದು.

5. ಮಾಡಿಗೆ ಬರುವ ಸೇತುವೆ ಕಡಿಯಿರಿ

ಹಲಸಿನ ಕೊಂಬೆ, ಪೇರಲೆ, ಸೂರಿಗೆ ತಾಗಿದ ಅಡಿಕೆ ಸೋಗೆ ಎಲ್ಲ ಸೇತುವೆಗಳೇ. ಮಾಡಿನಿಂದ ಎರಡು ಮೂರು ಮೀಟರ್ ದೂರ ಇರುವ ಹಾಗೆ ಸವರಿಸಿ. ಅಂಗಳದ ತೆಂಗಿನ ಮರ ಕಡಿಯಲು ಮನಸ್ಸು ಬರುವುದಿಲ್ಲ, ಕಡಿಯುವುದೂ ಬೇಡ, ಎರಡು ಮೀಟರ್ ಎತ್ತರದಲ್ಲಿ ಎರಡು ಅಡಿ ಅಗಲದ ನುಣುಪು ತಗಡು ಸುತ್ತಿದರೆ ಇಲಿ ಮೇಲೆ ಹತ್ತದೆ ಜಾರುತ್ತದೆ. ಕರೆಂಟಿನ ಸರ್ವಿಸ್ ವೈರಿನ ಮೇಲೂ ಪ್ರಾಣಿಗಳು ನಡೆದು ಬರುತ್ತವೆ, ಆದರೆ ಆ ತಂತಿಗೆ ನೀವು ಕೈ ಹಾಕಬೇಡಿ, ಲೈನ್‌ಮನ್ ಕರೆಯಿರಿ.

ಬಾವಲಿಗೆ ಬೇರೆ ಲೆಕ್ಕ

2018ರಲ್ಲಿ ಕೇರಳದಲ್ಲಿ ನಿಫಾ ಬಂದಾಗ ನಮ್ಮೂರಲ್ಲೂ ಜನ ಅಟ್ಟದ ಬಾವಲಿಗೆ ಹೊಗೆ ಹಾಕಿದರು. ಆ ವೈರಸ್ ಹೊತ್ತ ಜಾತಿ ಮರದಲ್ಲಿ ನೇತಾಡುವ ದೊಡ್ಡ ಹಣ್ಣುಬಾಕ ಬಾವಲಿ. ಅಟ್ಟದಲ್ಲಿ, ಹೆಂಚಿನ ಸಂದಿಯಲ್ಲಿ ಇರುವುದು ಸಾಮಾನ್ಯವಾಗಿ ಕಣ್ಣುಕಪ್ಪಡಿ ಅನ್ನುವ ಸಣ್ಣ ಬಾವಲಿ, ಸೊಳ್ಳೆ ಪತಂಗ ತಿಂದು ಬದುಕುವಂಥದ್ದು. ಕೊಟ್ಟಿಗೆಯಲ್ಲೋ ಹೊರಜಗಲಿಯಲ್ಲೋ ಇದ್ದರೆ ನಾನಂತೂ ಬಿಟ್ಟುಬಿಡುತ್ತೇನೆ. ಮಲಗುವ ಕೋಣೆಯ ಮೇಲೆ ಇದ್ದರೆ ಕಳಿಸಬೇಕು, ನಿಜ.

ಸಂಜೆ ಅವು ಹೊರಬೀಳುವ ಸಂದಿ ನೋಡಿಟ್ಟುಕೊಂಡು, ಅದರ ಮೇಲ್ಗಡೆ ಮತ್ತು ಎರಡು ಪಕ್ಕ ಸಣ್ಣ ಕಣ್ಣಿನ ಬಲೆ ಅಂಟಿಸಿ, ಕೆಳಗಡೆ ಎರಡು ಅಡಿ ಇಳಿಬಿಟ್ಟು ತೆರೆದಿಡಿ. ಹೊರಬಂದದ್ದು ಕೆಳಕ್ಕೆ ಜಾರಿ ಹಾರಿಹೋಗುತ್ತದೆ, ಮರಳಿ ಬಂದಾಗ ನೇರ ಸಂದಿಗೆ ಹೋಗಲು ಬಲೆ ಅಡ್ಡ. ಏಳೆಂಟು ರಾತ್ರಿ ಬಿಟ್ಟು ಸಂದಿ ಮುಚ್ಚಿ. ಹಾರಲು ಬಾರದ ಮರಿಗಳಿದ್ದರೆ ಇದೂ ಮುಂದಕ್ಕೆ. ಬರಿಗೈಯಲ್ಲಿ ಬಾವಲಿ ಮುಟ್ಟಬೇಡಿ. ಬಾವಲಿಯೋ ಮಂಗವೋ ಕಬ್ಬೆಕ್ಕೋ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಚ್ಚಿ ನಲ್ಲಿ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಮಂಗ

ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ, ಇದೆ ಅಂದವರನ್ನು ನಂಬಬೇಡಿ. ಮಂಗ ಅಟ್ಟದಲ್ಲಿ ವಾಸ ಮಾಡುವುದಿಲ್ಲ, ಆದರೆ ಅದು ಸರಿಸಿದ ಹೆಂಚಿನಿಂದಲೇ ಉಳಿದವರೆಲ್ಲ ಒಳಗೆ ಬರುತ್ತಾರೆ. ಹಪ್ಪಳ, ಬಾಳೆಕಾಯಿ ಮಾಡಿನ ಹತ್ತಿರ ಒಣಗಲು ಹಾಕಬೇಡಿ, ಪಾಪ ಅಂತ ಒಂದು ದಿನವೂ ಬಾಳೆಹಣ್ಣು ಕೊಡಬೇಡಿ. ಹುಲಿ ಗೊಂಬೆ ಒಂದು ವಾರ ಕೆಲಸ ಮಾಡುತ್ತದೆ, ಎಂಟನೇ ದಿನ ಅದರ ತಲೆ ಮೇಲೆ ಮಂಗ ಕೂತಿರುತ್ತದೆ. ಮೇಲೆ ಹೇಳಿದ ಹಾಗೆ ಹೆಂಚಿಗೆ ತಂತಿ ಕಟ್ಟುವುದೇ ಸ್ವಲ್ಪ ತಡೆಯುವುದು.

ಒಂದು ಎಚ್ಚರಿಕೆ. ಮಾಡಿನ ಮೇಲೋ ತೋಟದಲ್ಲೋ ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಸತ್ತ ಮಂಗನಿಂದ ಇಳಿದ ಉಣುಗು ಸುತ್ತಮುತ್ತ ಇರುತ್ತದೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ಇಲಿಗೆ ವಿಷ ಇಡಬೇಕಾ?

ಅಟ್ಟದಲ್ಲಿ ಬೇಡ. ವಿಷ ತಿಂದ ಇಲಿ ಕೈಗೆ ಸಿಗದ ಸಂದಿಯಲ್ಲೇ ಸಾಯುತ್ತದೆ, ಮನೆ ನಾರುತ್ತದೆ. ಆ ಇಲಿಯನ್ನು ತಿಂದ ಬೆಕ್ಕು, ಗೂಬೆಯೂ ಸಾಯಬಹುದು. ಗೂಬೆ ಅಪಶಕುನ ಅನ್ನುತ್ತಾರೆ, ಆದರೆ ಅಟ್ಟದಲ್ಲಿ ಗೂಬೆ ಜೋಡಿ ಇದ್ದರೆ ಇಲಿಗೆ ಅದಕ್ಕಿಂತ ದೊಡ್ಡ ಶನಿ ಇಲ್ಲ. ಹಳದಿ ರಂಜಕ ಇರುವ ಇಲಿ ಪೇಸ್ಟನ್ನಂತೂ ಮನೆಗೆ ತರಲೇಬೇಡಿ, ಮಕ್ಕಳ ಬಾಯಿಗೆ ಹೋದರೆ ಲಿವರ್ ಹಾಳು ಮಾಡುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಅಂಟಿನ ಹಲಗೆಗೆ ಅಳಿಲು, ಹಲ್ಲಿ ಎಲ್ಲ ಸಿಕ್ಕಿ ನರಳುತ್ತವೆ.

ಸ್ಪ್ರಿಂಗ್ ಕತ್ತರಿ ಬೋನೇ ಒಳ್ಳೆಯದು. ಇಲಿಗೆ ಹೊಸ ವಸ್ತು ಅಂದರೆ ಭಯ, ಅದಕ್ಕೇ ಮೊದಲ ಎರಡು ಮೂರು ರಾತ್ರಿ ಬೋನಿಗೆ ಕೀಲು ಹಾಕದೆ ಸುಟ್ಟ ಕೊಬ್ಬರಿ ಮಾತ್ರ ಇಡಿ. ತಿಂದು ರುಚಿ ಹತ್ತಲಿ. ನಾಲ್ಕನೇ ರಾತ್ರಿ ಕೀಲು ಹಾಕಿ, ಗೋಡೆಗೆ ಒತ್ತಿ ಇಡಿ. ಇಲಿ ಗಬ್ಬವಾದ ಮೂರು ವಾರಕ್ಕೇ ಮರಿ ಹಾಕುತ್ತದೆ, ಆದ್ದರಿಂದ ಒಂದೆರಡು ಬೋನಲ್ಲಿ ಆಗುವ ಕೆಲಸ ಅಲ್ಲ, ಒಂದೇ ಸಲ ಏಳೆಂಟು ಇಡಿ. ಇಲಿ ಕಮ್ಮಿಯಾದರೆ ಅದರ ಹಿಂದೆ ಬರುವ ಕೇರೆ ಹಾವೂ ಕಮ್ಮಿ. ಹಾವು ಕಂಡರೆ ಕೋಲು ತರಬೇಡಿ, ದೂರದಿಂದ ಅದರ ಮೇಲೆ ಕಣ್ಣಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ತುಡುವೆ ಜೇನು ಕೂತಿದ್ದರೆ ಜೇನು ಸಾಕುವವರನ್ನು ಕರೆಯಿರಿ, ಪೆಟ್ಟಿಗೆಗೆ ತುಂಬಿಸಿಕೊಂಡು ಖುಷಿಯಿಂದ ಹೋಗುತ್ತಾರೆ.

ಆರ್‌ಸಿಸಿ ಮನೆಯವರಿಗೆ

ಬೆಂಗಳೂರಿನ ಹಳೇ ಬಡಾವಣೆಗಳಲ್ಲೂ ಕಬ್ಬೆಕ್ಕು ಇದೆ, ತಾರಸಿ ಮೇಲಿನ ಶೀಟ್ ಮಾಡು, ಫಾಲ್ಸ್ ಸೀಲಿಂಗ್, ಸೋಲಾರ್ ಪೈಪಿನ ತೂತು, ಬಚ್ಚಲಿನ ಡಕ್ಟ್ ಅದರ ದಾರಿ. ಸುಕ್ಕುಗಟ್ಟಿದ ಶೀಟಿನ ಅಲೆ ಗೋಡೆಗೆ ಕೂಡುವಲ್ಲಿ ಸಾಲಾಗಿ ತೂತು ಉಳಿದಿರುತ್ತದೆ, ಅದನ್ನು ಯಾರೂ ನೋಡುವುದೇ ಇಲ್ಲ. ಉಪಾಯ ಅದೇ, ಮೆಶ್.

ಕೊನೆಗೆ ಗುಡಿಸುವ ಕೆಲಸ

ಎಲ್ಲ ಮುಚ್ಚಿದ ಮೇಲೆ ಪೊರಕೆ ಹಿಡಿದು ನೇರ ಅಟ್ಟ ಹತ್ತಬೇಡಿ. ಒಣ ಹಿಕ್ಕೆಯ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ತೊಂದರೆ, ಇಲಿಯ ಮೂತ್ರದಿಂದ ಇಲಿ ಜ್ವರ ಬರಬಹುದು. ನಾಲ್ಕೈದು ಹೆಂಚು ತೆಗೆದು ಅರ್ಧ ಗಂಟೆ ಗಾಳಿ ಆಡಲು ಬಿಡಿ. ಎನ್95 ಮಾಸ್ಕ್, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಹಿಕ್ಕೆಯ ಮೇಲೆ ಮೆಲ್ಲಗೆ ಚಿಮುಕಿಸಿ, ಹದಿನೈದು ನಿಮಿಷ ನೆನೆಯಲು ಬಿಟ್ಟು, ಒದ್ದೆಯಾಗಿರುವಾಗಲೇ ಬಳಿದು ತೆಗೆಯಿರಿ. ಹಳೇ ವಾಸನೆ ಉಳಿದರೆ ಅದೇ ಕರೆಯೋಲೆ, ಆದ್ದರಿಂದ ಹಲಗೆಯನ್ನು ಎರಡು ಸಲ ಒರೆಸಿ, ಹೆಂಚು ತೆಗೆದ ಜಾಗದಿಂದ ಒಂದು ದಿನ ಬಿಸಿಲು ಬೀಳಲಿ.

ಕೆಳಗಿಳಿಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿ, ಟಾರ್ಚ್ ಬೆಳಕಲ್ಲಿ ವೈರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ. ಸಿಪ್ಪೆ ಹೋಗಿ ತಾಮ್ರ ಕಾಣುತ್ತಿದ್ದರೆ ಟೇಪ್ ಸುತ್ತಿ ಸುಮ್ಮನಾಗಬೇಡಿ, ಆ ತುಂಡನ್ನೇ ಬದಲಿಸಿ ಪೈಪಿನೊಳಗೆ ಹಾಕಿಸಿ. ನಮ್ಮಲ್ಲಿ ಇಂಥ ಜಾಗ ನಾಲ್ಕು ಸಿಕ್ಕಿದವು, ಒಂದು ಸರಿಯಾಗಿ ಅಡಿಕೆ ಚೀಲದ ಮೇಲೆ.